ಬಿದಿರ ಮೆಳೆಗೆ ಇಟ್ಟ ರಂಗೋಲಿ

ಬಿದಿರಕ್ಕಿಯನ್ನು ಈಗ ಚೆಂದದ ಪೊಟ್ಟಣ ಕಟ್ಟಿ ಮಾರುತ್ತಾರೆ. ಆರೋಗ್ಯಕ್ಕೆ ಬಹಳ ಒಳ್ಳೆಯದಂತೆ. ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ.

ಅರವತ್ತರ ದಶಕದ ಒಂದು ಬೇಸಿಗೆ. ಶಿರಸಿಯಿಂದ ಬನವಾಸಿ ಕಡೆಗೆ ಹೋಗುವಾಗ ಸಿಗುವ ಹಳ್ಳಿ ನಮ್ಮದು. ಸುಗ್ಗಿ ಮುಗಿದದ್ದೇ ತಡ, ಸರ್ಕಾರದ ಲೆವಿಯವರು ಗಾಡಿ ತಂದು, ಕಡ್ಡಾಯದ ಪಾಲೆಂದು ಭತ್ತ ಅಳೆದುಕೊಂಡು ಹೋಗಿದ್ದರು. ಉಳಿದದ್ದು ಯುಗಾದಿಯವರೆಗೂ ಸಾಲಲಿಲ್ಲ. ಇನ್ನು ಉಣ್ಣಬೇಕೆಂದರೆ ಅದೇ ಸರ್ಕಾರದ ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಲ್ಲಬೇಕು. ನಿಂತರೆ, "ಮಾಲು ಬಂದಿಲ್ಲ, ಮುಂದಿನ ವಾರ ಬರ್ರಿ." ಕೊನೆಗೆ ಬಂದದ್ದು ಪರದೇಶದಿಂದ ಹಡಗಿನಲ್ಲಿ ತಂದ ಕೆಂಪು ಜೋಳ. ನಮ್ಮ ಎಮ್ಮೆ ಕೂಡ ಅದನ್ನು ಮೂಸಿ ಮುಖ ತಿರುಗಿಸಿತು. ಭತ್ತ ಬೆಳೆದ ನಾವು ಅದನ್ನೇ ಬೇಯಿಸಿ ಉಂಡೆವು.

ಅದೂ ಮುಗಿದ ಮೇಲೆ ಮನೆಯಲ್ಲಿದ್ದದ್ದು ಬಿತ್ತನೆಯ ಭತ್ತ ಮಾತ್ರ. ಹುಳ ಹಿಡಿಯದಂತೆ ಲಕ್ಕಿ ಸೊಪ್ಪು ಹಾಕಿ, ಬುಟ್ಟಿಯ ಬಾಯಿಗೆ ಸಗಣಿ ಮೆತ್ತಿ, ಅಪ್ಪ ಅದನ್ನು ಅಟ್ಟದ ಮೇಲೆ ಇಟ್ಟಿದ್ದ. ಆ ಬಾಯಿ ಒಡೆದರೆ ಮಳೆ ಬಂದಾಗ ಬಿತ್ತುವುದೇನು? ಏನೇ ಆದರೂ ಬುಟ್ಟಿ ಮುಟ್ಟಬಾರದು ಎಂಬುದು ಅವ್ವನ ಹಟ.

ಅದೇ ವರ್ಷ ಕಾಡಿನಲ್ಲಿ ಬಿದಿರು ಹೂಬಿಟ್ಟಿತ್ತು; ಹೂ ಬಲಿತರೆ ಅಕ್ಕಿಯಂಥ ಕಾಳು ಉದುರುತ್ತದೆ. ಬಿದಿರು ಹೂಬಿಟ್ಟರೆ ಬರ ಬರುತ್ತದೆ ಎಂದು ಹಿರಿಯರು ಹೆದರಿದರು. "ಬರ ಆಗ್ಲೇ ಬಂದೈತಿ, ಇದು ಅದಕ್ಕ ಮದ್ದು," ಅಂದಳು ಅವ್ವ.

ಊರ ಹೆಂಗಸರು ಮೆಳೆಗಳನ್ನು ಹಂಚಿಕೊಂಡರು. ಫಾರೆಸ್ಟಿನವರ ಕಣ್ಣಿಗೆ ಬೀಳದಿರಲೆಂದು ದಾರಿಯಿಂದ ಬಹಳ ಒಳಗಿನವನ್ನೇ ಆರಿಸಿದರು. ಬುಡದ ಮುಳ್ಳು, ತರಗೆಲೆ ಗುಡಿಸಿ, ನೆಲವನ್ನು ಕಣದ ಹಾಗೆ ಸಗಣಿಯಿಂದ ಸಾರಿಸಿ, ಅಕ್ಕಿ ಉದುರುವುದನ್ನು ಕಾಯುವುದು. ಹತ್ತು ವರ್ಷದ ನಾನು ನೀರು ಹೊತ್ತೆ. ಸಾರಿಸಿ ಮುಗಿದ ಮೇಲೆ ಅವ್ವ ಸೆರಗಿನ ಗಂಟು ಬಿಚ್ಚಿ ರಂಗೋಲಿ ಪುಡಿ ತೆಗೆದಳು. "ಕಾಳು ಬೀಳೋ ನೆಲ, ಬೋಳು ಬಿಡಬಾರ್ದು," ಎಂದು ಮೆಳೆಯ ಸುತ್ತ ಬಿಳಿ ಗೆರೆ ಎಳೆದಳು. ಉಳಿದವರೂ ಎಳೆದರು. ಕದ್ದುಮುಚ್ಚಿ ಮಾಡುವ ಕೆಲಸಕ್ಕೂ ಶಾಸ್ತ್ರ ಬಿಡದ ಪೆದ್ದು ಹೆಂಗಸರು, ನನ್ನವರು.

ಅಕ್ಕಿಯನ್ನು ಅಲ್ಲೇ ಒಣಗಿಸಿ ಚೀಲಕ್ಕೆ ತುಂಬಿದೆವು. ಮರುದಿನ ಗಾಡಿ ಕಟ್ಟಿ ಮನೆಗೆ ಒಯ್ಯುವುದಿತ್ತು. ಅಷ್ಟರಲ್ಲಿ ಫಾರೆಸ್ಟ್ ಗಾರ್ಡ್ ಬಂದ. ಬಿದಿರನ್ನು ಕಾಗದದ ಕಾರ್ಖಾನೆಗೆ ಗುತ್ತಿಗೆ ಕೊಟ್ಟಾಗಿದೆಯಂತೆ. ಉದುರಿದ ಅಕ್ಕಿಯೂ ಸರ್ಕಾರದ್ದಂತೆ.

"ಸಾಹೇಬ್ರ, ಒಂದು ಗಳ ಸೈತ ಮುರದಿಲ್ಲರಿ. ತಾನಾಗಿ ಬಿದ್ದದ್ದು. ಬಿಟ್ರ ಇಲಿ ತಿಂತಾವ," ಅಂದಳು ಅವ್ವ.

"ಇಲಿ ತಿಂದ್ರ ಕೇಸಿಲ್ಲ, ನೀವು ತಿಂದ್ರ ಐತಿ," ಎಂದು ಆತ ನಕ್ಕ. "ಹುಡುಕೋ ತ್ರಾಸು ಸೈತ ಕೊಡ್ಲಿಲ್ಲ ನೀವು. ಗುಡ್ಡದ ಮ್ಯಾಲಿಂದನ ಬೆಳ್ಳಗ ಕಾಣತಾವು ನಿಮ್ಮ ರಂಗೋಲಿ."

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಅಂದು ಅರ್ಥ ತಿಳಿಯಿತು. ಚೀಲಗಳನ್ನು ಅವನ ಕಚೇರಿಯವರೆಗೆ ಹೊತ್ತವರೂ ಅದೇ ಹೆಂಗಸರು. ಮಳೆಗಾಲದಲ್ಲಿ ಅವು ಆ ಕಚೇರಿಯ ಜಗಲಿಯ ಮೇಲೆ ಮೊಳಕೆಯೊಡೆದು ಕೊಳೆತು ನಾರುತ್ತಿದ್ದವು. ನಾನೇ ಕಣ್ಣಾರೆ ಕಂಡಿದ್ದೇನೆ. ಅವರಾದರೂ ತಿಂದಿದ್ದರೆ ನನ್ನ ಸಿಟ್ಟು ಅರ್ಧ ಇಳಿಯುತ್ತಿತ್ತೇನೋ.

ಅಕ್ಕಿ ಕಳೆದುಕೊಂಡ ಮರುದಿನ ಅವ್ವ ಅಟ್ಟ ಹತ್ತಿ ಬುಟ್ಟಿ ಇಳಿಸಿದಳು. ಅಪ್ಪ ಎದ್ದು ಹೊರಗೆ ಹೋದ. ಅವಳು ಸಗಣಿ ಒಡೆದು, ಸೊಪ್ಪು ಆರಿಸಿ, ಬಿತ್ತನೆಯ ಭತ್ತವನ್ನು ಒರಳಿಗೆ ಸುರಿದು ಕುಟ್ಟಿದಳು. ಎಷ್ಟೋ ದಿನದ ಮೇಲೆ ಬಿಳಿ ಅನ್ನ ಕಂಡ ನಾವು ಮಕ್ಕಳು ಇನ್ನೂ ಬಡಿಸು, ಇನ್ನೂ ಬಡಿಸು ಎಂದು ಉಂಡೆವು. ಅವ್ವ ಆ ಅನ್ನ ಮುಟ್ಟಲಿಲ್ಲ.

ಆ ಸಲ ಮಳೆ ಚೆನ್ನಾಗಿಯೇ ಬಂತು. ಬೀಜ ಉಳಿದಿದ್ದವರು ಕೂರಿಗೆ ಹೂಡಿದರು. ನಮ್ಮ ಗದ್ದೆಯಲ್ಲಿ ಹುಲ್ಲು ಬೆಳೆಯಿತು. ಸುಗ್ಗಿಯ ಹೊತ್ತಿಗೆ ಅವ್ವ ಕಣ ಸಾರಿಸಲಿಲ್ಲ, ರಂಗೋಲಿಯನ್ನೂ ಇಡಲಿಲ್ಲ.