ಎರಡನೇ ಸಲ ಬಂದ ಕಾಗದ

ಕಳೆದ ವಾರ ಅಂಚೆಯಲ್ಲಿ ಒಂದು ತೆಳ್ಳನೆಯ ಪುಸ್ತಕ ಬಂತು. ಕವರು ಹರಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಸರಸ್ವತಿಪುರಂನಲ್ಲಿ ನಾವಿದ್ದ ಬೀದಿಯ ಮಹಿಳಾ ಸಮಾಜದ ನಿಯಮಾವಳಿ ಅದು. ಮೇಲೆ ಕೆಂಪು ಇಂಕಿನಲ್ಲಿ ನನ್ನ ಹೆಸರು. ಆ ಕೈಬರಹವನ್ನು ಎಲ್ಲಿ ಕಂಡರೂ ಗುರುತಿಸಬಲ್ಲೆ... ನಮ್ಮ ಪೌರನೀತಿ ಟೀಚರ್‌ದು. ದೊಡ್ಡಮ್ಮ ತೀರಿಕೊಂಡು ತಿಂಗಳಾಯಿತು, ಬೀರುವಿನಲ್ಲಿ ಇದು ಸಿಕ್ಕಿತು ಎಂದು ಟೀಚರ್ ಅವರ ತಂಗಿಯ ಮಗಳು ಚೀಟಿ ಬರೆದಿಟ್ಟಿದ್ದಳು.

ತೊಂಬತ್ತರ ದಶಕದ ಮಾತು. ನಾನಾಗ ಎಸ್ಸೆಸ್ಸೆಲ್ಸಿ. ಅಪ್ಪ ಇರಲಿಲ್ಲ. ಅಮ್ಮ ಸಮಾಜದ ಶಿಶುವಿಹಾರದಲ್ಲಿ ಆಯಾ. ಕಟ್ಟಡದ ಹಿಂದಿನ ಕೋಣೆಯೇ ನಮ್ಮ ಮನೆ. ಟೀಚರ್ ಬೆಳಿಗ್ಗೆ ಶಾಲೆಯಲ್ಲಿ ನನಗೆ ಪಾಠ ಹೇಳುತ್ತಿದ್ದರು, ಸಂಜೆ ಸಮಾಜಕ್ಕೆ ಅಧ್ಯಕ್ಷೆ. ಎರಡೂ ಕಡೆ ಒಂದೇ ಗತ್ತು. ಮೀಟಿಂಗಿನಲ್ಲಿ ಯಾರಾದರೂ ದನಿ ಏರಿಸಿದರೆ, "ಕೂತ್ಕೊಳ್ರೀ, ಇದೇನು ಸಂತೇನಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಕೇಳಿದ ಪ್ರಶ್ನೆ ಬಿಟ್ಟು ನಾವು ಬಾಯಿಪಾಠ ಮಾಡಿದ್ದನ್ನು ಗೀಚಿದರೆ ಉತ್ತರಪತ್ರಿಕೆಯ ಮೇಲೆ ದೊಡ್ಡ ಕೆಂಪು ಸೊನ್ನೆ, ಪಕ್ಕದಲ್ಲಿ 'ಓದದೆ ಬರೆದ ಉತ್ತರ' ಎಂಬ ಷರಾ. ಅಂಥ ಸೊನ್ನೆಗಳು ನನಗೂ ಬೇಕಾದಷ್ಟು ಬಿದ್ದಿವೆ.

ಪರೀಕ್ಷೆಗೆ ಎರಡು ತಿಂಗಳಿದ್ದಾಗ ಸಮಾಜದ ಕಮಿಟಿ ಒಂದು ನಿರ್ಣಯ ಮಾಡಿತು. ನಮ್ಮ ಕೋಣೆಯನ್ನು ಟ್ಯುಟೋರಿಯಲ್‌ನವರಿಗೆ ಕೊಡುವುದು, ನಾವು ಹದಿನೈದು ದಿನದಲ್ಲಿ ಖಾಲಿ ಮಾಡುವುದು. ನಿರ್ಣಯಕ್ಕೆ ಅಧ್ಯಕ್ಷರ ಸಹಿ ಬೇಕಿತ್ತು. ಟೀಚರ್ ಸಹಿ ಹಾಕಲಿಲ್ಲ. 'ಹುಡುಗಿಯ ಪರೀಕ್ಷೆಯಿದೆ, ಮತ್ತೊಮ್ಮೆ ಯೋಚಿಸಿ' ಎಂದು ಬರೆದು ವಾಪಸು ಕಳಿಸಿದರು. ಅಮ್ಮ ಅಂದು ದೇವರಿಗೆ ತುಪ್ಪದ ದೀಪ ಹಚ್ಚಿದಳು.

"ಟೀಚರಮ್ಮ ಇರೋವರ್ಗೂ ನಮ್ಮನ್ನ ಯಾರೂ ಅಲ್ಲಾಡ್ಸಕ್ಕಾಗಲ್ಲ ಕಣೇ" ಎಂದಳು.

ಕಮಿಟಿಯವರು ಒಂದಕ್ಷರ ತಿದ್ದದೆ ಅದೇ ಕಾಗದವನ್ನು ತಿರುಗಿ ಕಳಿಸಿದರು. ಮಾರನೆಯ ದಿನ ತರಗತಿಯಲ್ಲಿ ರಾಷ್ಟ್ರಪತಿಯ ಪಾಠ! ಮೂರೂ ಸೇನೆಗಳಿಗೆ ಅವರೇ ಮುಖ್ಯಸ್ಥರು, ಗಲ್ಲುಶಿಕ್ಷೆಯನ್ನೂ ಕ್ಷಮಿಸಬಲ್ಲರು ಎಂದೆಲ್ಲ ಕೇಳುತ್ತ ನನ್ನ ಎದೆ ಉಬ್ಬುತ್ತಿತ್ತು. ನನ್ನ ಕಣ್ಣಿಗೆ ರಾಷ್ಟ್ರಪತಿ ಎಂದರೆ ಟೀಚರೇ. ಆಮೇಲೆ ಮಿತಿಗಳು ಬಂದವು. ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಒಪ್ಪಿಗೆಯಿಲ್ಲದ ಮಸೂದೆಯನ್ನು ಒಂದು ಸಲ ಸಂಸತ್ತಿಗೆ ಹಿಂದಿರುಗಿಸಬಹುದು, ಅಷ್ಟೇ. ನಾನು ಎದ್ದು ನಿಂತೆ.

"ಅದನ್ನೇ ತಿರುಗಿ ಕಳ್ಸಿದ್ರೆ, ಟೀಚರ್?"

ಅವರು ನನ್ನ ಮುಖ ನೋಡಲಿಲ್ಲ. "ಸಹಿ ಹಾಕ್ಬೇಕು ಕಣಮ್ಮ. ಇಷ್ಟ ಇರ್ಲಿ, ಇಲ್ದೇ ಇರ್ಲಿ."

ಅಂದು ಸಂಜೆ ಅಮ್ಮನನ್ನೂ ನನ್ನನ್ನೂ ಸಮಾಜದ ಹಾಲಿಗೆ ಕರೆಸಿದರು. ನಮ್ಮೆದುರಿಗೇ ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿಬಿಟ್ಟರು. ನಾವು ನಂಬಿದ್ದವರು, ನಮ್ಮ ಪಾಲಿಗೆ ಇದ್ದವರು ಅವರೊಬ್ಬರೇ... "ಎರಡ್ನೇ ಸಲ ಬಂದಿದೆ ಕಣಮ್ಮ. ಇನ್ನು ನಂಗೆ ಅಧಿಕಾರ ಇಲ್ಲ" ಎಂದು ಅಮ್ಮನಿಗೆ ಹೇಳಿದರು. ಅಮ್ಮ ಕೈಮುಗಿದು ಹೊರಬಂದಳು. ನಾನು ಕೈಮುಗಿಯಲಿಲ್ಲ.

ಊರಿನ ಇನ್ನೊಂದು ತುದಿಯ ಉದಯಗಿರಿಯಲ್ಲಿ ಗ್ಯಾರೇಜಿನ ಪಕ್ಕ ಒಂದು ಕೋಣೆ ಸಿಕ್ಕಿತು. ದಿನವಿಡೀ ಸುತ್ತಿಗೆಯ ಸದ್ದು. ಅದರಲ್ಲೇ ಓದಿ ಹೇಗೋ ಪಾಸಾದೆ. ಅಮ್ಮ ಶಿಶುವಿಹಾರ ಬಿಟ್ಟು ಮನೆಗೆಲಸ ಹಿಡಿದಳು. ಕೆಲವು ತಿಂಗಳ ಮೇಲೆ, ಒಂದು ಭಾನುವಾರ, ವಿಳಾಸ ಕೇಳಿಕೊಂಡು ಟೀಚರ್ ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಕೈಯಲ್ಲಿ ಒಂದು ತೆಳ್ಳನೆಯ ಪುಸ್ತಕವಿತ್ತು.

"ಅಮ್ಮ ಇದಾರಾ?"

"ಇಲ್ಲ." ಅಮ್ಮ ಒಳಗೆ ಒಲೆ ಮುಂದೆಯೇ ಇದ್ದಳು.

"ನಿನ್ ಹತ್ರಾನಾದ್ರೂ ಹೇಳ್ಬೇಕಿತ್ತು. ಐದೇ ನಿಮಿಷ ಕಣಮ್ಮ."

"ನಂಗೆ ಕೆಲ್ಸ ಇದೆ" ಎಂದು ಬಾಗಿಲು ಹಾಕಿಕೊಂಡೆ. ನನ್ನ ಸೊಕ್ಕಿಗಿಷ್ಟು ಬೆಂಕಿ ಹಾಕ! ಸಂದಿಯಲ್ಲಿ ಅವರ ಸೀರೆಯ ಅಂಚು ಸ್ವಲ್ಪ ಹೊತ್ತು ಕಾಣುತ್ತಿತ್ತು, ಆಮೇಲೆ ಇಲ್ಲ. ಮನೆಗೆ ಬಂದವರನ್ನು ಹೀಗೆ ಕಳಿಸುವುದಾ ಎಂದು ಅಮ್ಮ ಬೈದಳು. ಸಹಿ ಹಾಕಿದ್ದು ಅವರೇ ಅಲ್ಲವಾ ಎಂದು ನಾನು ಎದುರು ಮಾತಾಡಿದೆ. ಅಷ್ಟರಲ್ಲಾಗಲೇ ಅವರು ಅಧ್ಯಕ್ಷಗಿರಿಗೆ ರಾಜೀನಾಮೆ ಕೊಟ್ಟಿದ್ದರು ಎಂಬುದು ಎಷ್ಟೋ ಕಾಲದ ಮೇಲೆ ತಿಳಿಯಿತು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಈಗ ಅದೇ ಪುಸ್ತಕ ನನ್ನ ಮುಂದಿದೆ. ಅಧ್ಯಕ್ಷರ ಅಧಿಕಾರಗಳ ಪುಟದ ಕಿವಿ ಮಡಿಸಿದ್ದರು. 'ಅಧ್ಯಕ್ಷರ ಸಹಿಯಿಲ್ಲದೆ ಯಾವ ನಿರ್ಣಯವೂ ಜಾರಿಗೆ ಬರತಕ್ಕದ್ದಲ್ಲ.' ಇಷ್ಟೇ ಇತ್ತು. ಎರಡನೇ ಸಲ ಬಂದರೆ ಸಹಿ ಹಾಕಲೇಬೇಕು ಎಂದು ಎಲ್ಲಾದರೂ ಇದೆಯೇ ಎಂದು ಮೊದಲಿಂದ ಕೊನೆಯವರೆಗೆ ಹುಡುಕಿದೆ. ಮತ್ತೆ ಹುಡುಕಿದೆ. ಇಲ್ಲ. ಅಯ್ಯೋ ದೇವರೇ, ಎಲ್ಲೂ ಇಲ್ಲ! ಅದು ರಾಷ್ಟ್ರಪತಿಗಿದ್ದ ಕಟ್ಟು. ವರ್ಷ ವರ್ಷವೂ ಅದನ್ನೇ ಪಾಠ ಹೇಳಿ ಹೇಳಿ, ತಮಗೂ ಅದೇ ಕಟ್ಟು ಎಂದು ನಂಬಿ, ಈ ಪುಸ್ತಕ ತೆರೆದು ನೋಡದೆಯೇ ಸಹಿ ಹಾಕಿದ್ದರು. ಬೇಡ ಎಂದು ಸುಮ್ಮನೆ ಕೂತಿದ್ದರೂ ಸಾಕಿತ್ತು, ನಮ್ಮ ಮನೆ ಉಳಿಯುತ್ತಿತ್ತು.

ಆ ಸಾಲಿನ ಪಕ್ಕದಲ್ಲಿ ಕೆಂಪು ಇಂಕಿನ ದೊಡ್ಡ ಸೊನ್ನೆ. 'ಓದದೆ ಬರೆದ ಉತ್ತರ.' ಕೆಳಗೆ ಅವರದೇ ಸಹಿ.

ಇದನ್ನು ಅಮ್ಮನಿಗೆ ತೋರಿಸೋಣವೆಂದರೆ ಅಮ್ಮನೂ ಹೋಗಿ ಮೂರು ವರ್ಷವಾಯಿತು... ಅಷ್ಟು ದೂರ ಬಿಸಿಲಲ್ಲಿ ಬಂದು ಅವರು ಕೇಳಿದ್ದು ಐದೇ ನಿಮಿಷ.