ಮಾಲೀಕರಿಲ್ಲದ ರೊಟ್ಟಿ

ನನ್ನ ಪಿಎಚ್‌.ಡಿ. ವಿಷಯ ಗ್ರಾಮೀಣ ಮಹಿಳಾ ಉದ್ಯಮಿಗಳು. ಮಾರ್ಗದರ್ಶಕರು ಕೊಟ್ಟ ಕೊನೆಯ ಗಡುವಿಗೆ ಮೂರು ವಾರ ಉಳಿದಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ ಮುಗಿಸಿ ಬಸವನ ಬಾಗೇವಾಡಿ ತಾಲ್ಲೂಕಿಗೆ ಬರುವಷ್ಟರಲ್ಲಿ ನನ್ನ ಚಪ್ಪಲಿ ಸವೆದಿತ್ತು, ಫಾರಂ ಮಾತ್ರ ಖಾಲಿ ಇತ್ತು. 'ಮಾಲೀಕರ ಹೆಸರು' ಎಂಬಲ್ಲಿ ಒಬ್ಬ ಹೆಂಗಸೂ ತನ್ನ ಹೆಸರು ಬರೆಸಲು ಒಪ್ಪಿರಲಿಲ್ಲ. ಇಂಡಿಯಲ್ಲಿ ಲಿಂಬಿ ಉಪ್ಪಿನಕಾಯಿ ಮಾಡಿ ಅಂಗಡಿಗಳಿಗೆ ಹಾಕುವಾಕೆ, "ಸುಮ್ನ ಟೈಂಪಾಸ್‌ರಿ" ಎಂದಳು. ಸಿಂದಗಿಯಲ್ಲಿ ಮೂರು ಹೊಲಿಗೆ ಯಂತ್ರ ಇಟ್ಟವಳು ಅವೆಲ್ಲ ತಂಗಿಯರವು ಎಂದಳು. ಆಕೆಗೆ ತಂಗಿಯರೇ ಇಲ್ಲವೆಂದು ಪಕ್ಕದ ಮನೆಯವರು ಆಮೇಲೆ ಹೇಳಿದರು.

ಹೂವಿನ ಹಿಪ್ಪರಗಿಯ ಒಂದು ಮನೆಗೆ ಹೋದಾಗ ಒಲೆಯ ಮುಂದೆ ಹೆಂಗಸೊಬ್ಬಳು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಖಡಕ್ ರೊಟ್ಟಿಯ ರಾಶಿ, ನನ್ನ ಮೊಣಕಾಲೆತ್ತರ. ಗಂಡ ಕಟ್ಟೆಯ ಮೇಲೆ ಕೂತಿದ್ದ.

"ಇದು ನಿಮ್ಮ ವ್ಯವಹಾರ ಏನ್ರಿ?" ಎಂದು ಆಕೆಯನ್ನು ಕೇಳಿದೆ.

"ವ್ಯವಹಾರ ಎಲ್ಲೀದ್ರಿ," ಎಂದು ಗಂಡ ಉತ್ತರಿಸಿದ. "ಮನೀಗೆ ಮಾಡಾಕತ್ತಾಳ."

"ಮನ್ಯಾಗ ಎಷ್ಟ ಮಂದಿ ಅದೀರಿ?"

"ನಾಲ್ಕ ಮಂದಿರಿ."

"ಇಷ್ಟೂ ನಾಲ್ಕ ಮಂದಿಗೆ?"

"ಹಸಿವಿ ಭಾಳರಿ ನಮಗ."

ಅಷ್ಟರಲ್ಲಿ ಆಕೆಯ ಮೊಬೈಲು ಬಡಿದುಕೊಳ್ಳತೊಡಗಿತು. ಹಿಟ್ಟಿನ ಕೈಯಲ್ಲೇ ಎತ್ತಿ, "ಲಗ್ನ ನಾಳಿ ಇಟ್ಕೊಂಡು ಇವತ್ತ ಹೇಳಿದ್ರ ಹೆಂಗ್ರಿ? ಅರ್ಧ ಕೊಡ್ತೇನಿ. ಶೇಂಗಾ ಹಿಂಡಿ ಬೇಕಂದ್ರ ಈಗ ಹೇಳ್ರಿ," ಎಂದಳು. ಆ ದನಿಗೆ ಯಾವ ಫ್ಯಾಕ್ಟರಿ ಮ್ಯಾನೇಜರೂ ಎದ್ದು ನಿಲ್ಲಬೇಕು. ಫೋನ್ ಇಟ್ಟು ನನ್ನ ಕಡೆ ತಿರುಗಿ, "ಮನೀಗೆ ಮಾಡಾಕತ್ತೇನಿರಿ," ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಮೂರು ತಾಲ್ಲೂಕಿನ ಸಿಟ್ಟನ್ನೆಲ್ಲ ಆ ಒಲೆಯ ಮುಂದೆ ಕಾರಿದೆ. ನೀವೆಲ್ಲ ಹೀಗೆ ಸುಳ್ಳು ಹೇಳುವುದಕ್ಕೇ ನಿಮ್ಮ ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ, ನನ್ನ ನಾಲ್ಕು ವರ್ಷದ ಓಡಾಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದೆ. ಗಂಡ ಮೆಲ್ಲಗೆ ಕಟ್ಟೆಯಿಂದ ಎದ್ದು ಬೀದಿಗಿಳಿದ.

ಆಕೆ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅಕ್ಕಾರ, ಹೋದ ವರ್ಷ ಯಾರೋ ಹಿಂಗ ಬರಕೊಂಡು ಹೋದ್ರು. ಆಮ್ಯಾಲ ಬಾಜೂ ಮನಿಯಾಕಿ ರೇಷನ್ ಕಾರ್ಡ್ ರದ್ದಾತು. ಧಂದೆ ಐತಿ ಅಂದ್ರ ಬಡವರಲ್ಲ ಅಂತಾರ."

"ನಾ ಸರಕಾರದಾಕಿ ಅಲ್ಲರಿ. ನಿಮ್ಮ ಹೆಸರು ಯಾರಿಗೂ ತೋರಸಂಗಿಲ್ಲ."

"ಖರೆ ಇರಬೇಕು. ಆದ್ರ ಕಾರ್ಡ್ ಹೋದ್ರ ಕಚೇರಿಗೆ ಅಡ್ಡಾಡಾಕ ನೀವು ಬರ್ತೀರೇನ್ರಿ?"

ಸಂಜೆಯ ಬಸ್ಸಿಗೆ ಹೊರಟವಳು ನಾನು. ಫಾರಂ ಮಡಚಿ ಚೀಲಕ್ಕೆ ಹಾಕಿದೆ. ಆಕೆ ನಾಲ್ಕು ರೊಟ್ಟಿ, ಒಂದಿಷ್ಟು ಹಿಂಡಿ, ಅದೇ ಶೇಂಗಾ ಚಟ್ನಿಪುಡಿ, ಕಟ್ಟಿಕೊಟ್ಟಳು, ಬೇಡವೆಂದರೂ ಕೇಳಲಿಲ್ಲ. ಬಸ್ಸಿನಲ್ಲಿ ಸಿಟ್ಟಿನಿಂದಲೇ ತಿಂದೆ. ಆಗ ಸಿಟ್ಟು ಆಕೆಯ ಮೇಲಿರಲಿಲ್ಲ.

ಇದನ್ನೆಲ್ಲ ಹೇಳಿದಾಗ ಮಾರ್ಗದರ್ಶಕರು, "ಫಾರಂನಲ್ಲಿ ಇದ್ದದ್ದಷ್ಟೇ ಮಾಹಿತಿ. ಉಳಿದದ್ದು ಕಥೆ," ಎಂದರು. ಕಾರ್ಡಿನ ಮಾತು ಬರೆದರೆ ಆ ಹೆಂಗಸರನ್ನು ನಾನೇ ಹಿಡಿದುಕೊಟ್ಟಂತೆ, ಬರೆಯದಿದ್ದರೆ ಪ್ರಬಂಧವೇ ಸುಳ್ಳು. ಕೊನೆಗೆ, ಈ ಭಾಗದ ಮಹಿಳೆಯರು ಉದ್ಯಮಕ್ಕೆ ಮುಂದೆ ಬರುತ್ತಿಲ್ಲ ಎಂದು ಬರೆದುಬಿಟ್ಟೆ. ಮೌಖಿಕ ಪರೀಕ್ಷೆಗೆ ಬಂದ ಹಿರಿಯ ಪರೀಕ್ಷಕರು ಆ ಸಾಲನ್ನೇ ಓದಿ, ಈ ಕಡೆಯ ಹೆಂಗಸರಿಗೆ ಧೈರ್ಯ ಕಡಿಮೆ ಎಂದು ತಲೆಯಾಡಿಸಿದರು.

ನಾನು "ಹೌದು ಸರ್" ಎಂದೆ.