ಅವ್ವ ಓದಿ ನಕ್ಕಳು

“ಭಾಷಾ ಯಾವದು ಇಡ್ಲಿರೀ?” ಬೆಳಗಾವಿಯ ಮೊಬೈಲ್ ಅಂಗಡಿಯಲ್ಲಿ ಟ್ಯಾಬ್ಲೆಟ್ ತೋರಿಸುತ್ತಿದ್ದ ಹೆಣ್ಣುಮಗಳು ಕೇಳಿದಳು.

“ಯಾವದಾದ್ರೂ ಇಡ್ರಿ. ನಮ್ಮವ್ವಗ ಓದಾಕ ಬರೂದಿಲ್ಲ, ಬರೇ ಭಜನಿ ಕೇಳಾಕ ಬೇಕು” ಎಂದೆ.

ಪಕ್ಕದಲ್ಲಿ ಕೂತಿದ್ದ, ಎಪ್ಪತ್ತು ದಾಟಿದ ಅವ್ವ ಮೆಲ್ಲಗೆ ಬಾಯಿ ಬಿಟ್ಟಳು: “ಮರಾಠಿ ಇಡವಾ. ನನಗ ಮರಾಠಿ ಓದಾಕ ಬರ್ತೈತಿ.”

ನಾನು ನಕ್ಕುಬಿಟ್ಟೆ. ಅಂಗಡಿಯವಳು ನಗಲಿಲ್ಲ. ಒಂದು ಮರಾಠಿ ಕಥೆ ತೆಗೆದು, ಅಕ್ಷರ ದೊಡ್ಡದು ಮಾಡಿ ಅವ್ವನ ಕೈಗೆ ಕೊಟ್ಟಳು. ಅವ್ವ ತಡವರಿಸುತ್ತ ಓದತೊಡಗಿದಳು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ತಡವರಿಕೆ ಹೋಗಿತ್ತು. ಕಥೆಯಲ್ಲಿ ಸೊಸೆ ಅತ್ತೆಗೆ ಏನೋ ಅಂದಳೆಂದು, ಅಂಗಡಿಯಲ್ಲಿ ಇದ್ದೇವೆ ಎಂಬುದನ್ನೂ ಮರೆತು ಜೋರಾಗಿ ನಕ್ಕಳು.

ಜಾಂಬೋಟಿಯಲ್ಲಿ ಹುಟ್ಟಿದ ಅವ್ವ ಮರಾಠಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತಿದ್ದಳಂತೆ. ಮದುವೆಯಾಗಿ ಬಂದ ಬೀಡಿ ಊರಿನ ನಮ್ಮ ಮನೆಯಲ್ಲಿ ಇದ್ದದ್ದೆಲ್ಲ ಕನ್ನಡ ಪುಸ್ತಕ, ಕನ್ನಡ ಪತ್ರಿಕೆ. ಅವಳು ಅವನ್ನು ಮುಟ್ಟದಿದ್ದುದರಿಂದ ಓದು ಬಾರದವಳೆಂದೇ ನಾವೆಲ್ಲ ತಿಳಿದಿದ್ದೆವು.

“ಇಷ್ಟ ವರ್ಷ ಯಾಕ ಹೇಳ್ಲಿಲ್ಲ ಯವ್ವಾ?”

“ನೀವ್ಯಾರೂ ಕೇಳ್ಲಿಲ್ಲಲ್ಲವಾ.”

ನನಗೆ ನಾಚಿಕೆಯಾಯಿತು. ಟ್ಯಾಬ್ಲೆಟ್ ಬಿಟ್ಟು, ಕಣ್ಣಿಗೆ ಹಿತವಾದ, ಓದುವುದಕ್ಕೆಂದೇ ಇರುವ ಇ-ರೀಡರ್ ಕೊಂಡೆವು. ಅದರ ತುಂಬ ಮರಾಠಿ ಕಥೆಗಳನ್ನು ಹಾಕಿಸಿದೆ.

ಈಗ ಮಧ್ಯಾಹ್ನ ನಾನು ಫೋನ್ ಮಾಡಿದರೆ ಅವ್ವ, “ತಡಿಯವಾ, ಇದೊಂದು ಕಥಿ ಮುಗಸಿ ನಾನ ಫೋನ್ ಹಚ್ಚತೀನಿ” ಎಂದು ಇಟ್ಟುಬಿಡುತ್ತಾಳೆ. ನನ್ನ ಅವ್ವನನ್ನು ಪೂರ್ತಿ ಬಲ್ಲೆ ಎಂದುಕೊಂಡಿದ್ದವಳು ನಾನು. ಈಗ ಅವಳ ಫೋನಿಗೆ ಖುಷಿಯಿಂದ ಕಾಯುತ್ತೇನೆ.